ಸೌತೆಹೂವಿನ ಮುಂದೆ ನಿಂತ ನೊಣ

ನನ್ನ ತಮ್ಮನ ಮಗಳು ಕೃಷಿ ಓದಿ, ನಾನು ಆಯುಷ್ಯ ಸವೆಸಿದ ಇಲಾಖೆಗೇ ಈಗ ಸೇರಿದ್ದಾಳೆ. ಕೆಲಸಕ್ಕೆ ಹೊರಡುವ ಮುನ್ನ ಕಾಲಿಗೆ ನಮಸ್ಕಾರ ಮಾಡಿ, "ದೊಡ್ಡಪ್ಪ, ಏನಾದ್ರೂ ಬುದ್ಧಿ ಹೇಳಿ" ಎಂದಳು. ಬುದ್ಧಿ ಹೇಳಿ ಎಂದು ತಾವಾಗಿ ಕೇಳುವವರು ಈಗ ಅಪರೂಪ. ಖುಷಿಯಾಯಿತು, ಆದರೆ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು: "ಬಿಸಿಲಲ್ಲಿ ಟೋಪಿ ಹಾಕ್ಕೋ." ಅವಳು ಹೋದ ಮೇಲೆ ನನಗೇ ನಾಚಿಕೆಯಾಯಿತು. ಹೇಳಬೇಕಾದ್ದನ್ನು ಸಾವಕಾಶವಾಗಿ ಬರೆದಿಡೋಣ ಎಂದು ಕೂತಿದ್ದೇನೆ. ಬಡ್ತಿ, ವರ್ಗಾವಣೆ, ಸಂಬಳದ ವಿಷಯ ಇಲ್ಲಿಲ್ಲ. ಅವು ಬರುವವರಿಗೆ ಬರುತ್ತವೆ, ಬಾರದವರಿಗೆ ಬರುವುದಿಲ್ಲ, ಅದರಲ್ಲಿ ಕಲಿಯುವಂಥದ್ದು ಏನೂ ಇಲ್ಲ. ಇಲ್ಲಿರುವುದು ಮುಖ್ಯವಾಗಿ ಒಂದು ನೊಣದ ವಿಷಯ.

ಅರವತ್ತರ ದಶಕದಲ್ಲಿ ನಾನು ಸಾಗರಕ್ಕೆ ಬಂದು ಕೆಲಸಕ್ಕೆ ಸೇರಿದೆ. ಹುಟ್ಟಿದ್ದು ಶಿಕಾರಿಪುರದ ಕಡೆ, ಬಯಲಿನಲ್ಲಿ. ರಕ್ತ ಹೀರುವ ಮಲೆನಾಡಿನ ಇಂಬಳ ನನ್ನನ್ನು ಮೊದಲ ವಾರವೇ ಪರಿಚಯ ಮಾಡಿಕೊಂಡಿತು. ಹುದ್ದೆಯ ಹೆಸರು ಸಸ್ಯ ಸಂರಕ್ಷಣಾ ಸಹಾಯಕ. ಹೆಸರು ದೊಡ್ಡದು, ಕೆಲಸ ಇಷ್ಟೇ: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಎಲ್ಲಿಂದ ಕರೆ ಬರುತ್ತದೋ ಅಲ್ಲಿಗೆ ಹೋಗಿ, ಬೆಳೆಗೆ ಬಿದ್ದ ಹುಳಕ್ಕೆ ಔಷಧಿ ಹೊಡೆಯುವುದು. ಎದೆಗೆ ನೇತುಹಾಕಿಕೊಂಡು ಹಿಡಿ ತಿರುಗಿಸಿದರೆ ಪುಡಿ ಉಗುಳುವ ಒಂದು ಯಂತ್ರ, ಬೆನ್ನಿಗೆ ಕಟ್ಟಿಕೊಂಡು ಪಂಪು ಒತ್ತುವ ಒಂದು ಹಿತ್ತಾಳೆಯ ಟ್ಯಾಂಕು. ಟ್ಯಾಂಕು ತುಂಬಿಸಿಕೊಂಡು ಗದ್ದೆಯ ಅಂಚಿನ ಮೇಲೆ ನಡೆದರೆ ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗಿರುತ್ತಿತ್ತು ನನ್ನ ಸ್ಥಿತಿ. ಆಗ ಅಷ್ಟು ಸಣಕಲನಾಗಿದ್ದೆ.

ಬಿ.ಎಚ್.ಸಿ. ಎಂಬ ಹುಳ ಕೊಲ್ಲುವ ಪುಡಿಯ ಚೀಲಗಳು ರೈಲಿನಲ್ಲಿ ಬರುತ್ತಿದ್ದವು. ಸಾಗರದಲ್ಲಿ ಇಳಿಸಬೇಕಾದ್ದನ್ನು ಮರೆತರೆ ಚೀಲಗಳು ಹಳಿ ಮುಗಿಯುವ ತಾಳಗುಪ್ಪಕ್ಕೆ ಹೋಗಿ ಕೂರುತ್ತಿದ್ದವು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಸ್ಟೇಷನ್ನಿನವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ನನಗೆ ಶಾಪ ಹಾಕುತ್ತಿರುತ್ತಿದ್ದರು. ಆ ವಾಸನೆ ಬಟ್ಟೆಗೆ ಹಿಡಿದರೆ ಎರಡು ಸಲ ಒಗೆದರೂ ಹೋಗುತ್ತಿರಲಿಲ್ಲ. ಬಸ್ಸಿನ ಕಂಡಕ್ಟರು ನನ್ನನ್ನು ಕಂಡರೆ ಮಾತಿಲ್ಲದೆ ಟಾಪಿನ ಕಡೆ ಕೈ ತೋರಿಸುತ್ತಿದ್ದ. ಬಾಳೆಗೊನೆ, ಹಿಂಡಿ ಮೂಟೆಗಳ ಜೊತೆ ಮೇಲೆ ಕೂತು ನಾನು ಮೂರು ತಾಲೂಕು ನೋಡಿದ್ದೇನೆ. ಕೆಳಗೆ ಕೂತಿದ್ದರೆ ಅಷ್ಟು ಕಾಡು ಕಾಣುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹಳ್ಳಿಗಳಲ್ಲಿ ನನಗೆ ಬಿದ್ದ ಹೆಸರು ಪುಡಿ ಸ್ವಾಮಿ.

ಜನಕ್ಕೆ ಆ ಪುಡಿಯ ಮೇಲೆ ಇದ್ದ ನಂಬಿಕೆಯನ್ನು ನೆನೆದರೆ ಈಗ ಎದೆ ಝಲ್ಲೆನ್ನುತ್ತದೆ. ಗದ್ದೆಗೆ ಹೊಡೆದು ಉಳಿದದ್ದನ್ನು ಕೇಳಿ ಪಡೆದು ತಿಗಣೆಗೆಂದು ಹಾಸಿಗೆಗೆ ಉದುರಿಸುತ್ತಿದ್ದರು, ಉಣ್ಣೆಗೆಂದು ದನಕ್ಕೆ ಸವರುತ್ತಿದ್ದರು, ಮಕ್ಕಳ ತಲೆಗೆ ಹಾಕಿದವರೂ ಇದ್ದರು. ಬೇಡ ಎಂದರೆ, ಸರ್ಕಾರದ ಪುಡಿ ಮುಗಿದುಹೋಗುತ್ತದೆ ಎಂದು ಜಿಪುಣತನ ಮಾಡುತ್ತಾನೆ ಎಂದುಕೊಳ್ಳುತ್ತಿದ್ದರು. ಹುಳ ಎಂದರೆ ವೈರಿ, ಪುಡಿ ಎಂದರೆ ದೇವರು. ನಾನೂ ಹೆಚ್ಚು ಕಡಿಮೆ ಹಾಗೆಯೇ ತಿಳಿದಿದ್ದೆ.

ನನ್ನ ಮೇಲಿನವರು ನಂಜುಂಡಯ್ಯ ಎಂದು, ಮೈಸೂರಿನ ಕಡೆಯವರು. ವಿಷದ ಉಗ್ರಾಣಕ್ಕೆ ವಿಷಕಂಠನ ಹೆಸರಿನವರನ್ನೇ ಹುಡುಕಿ ಹಾಕಿದ್ದಾರೆ ಎಂದು ಕಚೇರಿಯಲ್ಲಿ ಬೆನ್ನ ಹಿಂದೆ ನಗುತ್ತಿದ್ದೆವು. ಮುಂಗೋಪಿ ಮನುಷ್ಯ. ಪ್ರವಾಸದ ವರದಿಯಲ್ಲಿ ಒಂದು ಕಾಗುಣಿತ ತಪ್ಪಿದರೂ ಹಾಳೆ ಮುಖಕ್ಕೆ ಬರುತ್ತಿತ್ತು. ಆದರೆ ಹುಳುಗಳ ವಿಷಯಕ್ಕೆ ಬಂದರೆ ಅವರ ಕೋಪ ಎಲ್ಲಿ ಹೋಗುತ್ತಿತ್ತೋ ತಿಳಿಯದು. ಗದ್ದೆಗೆ ಬಂದರೆ ಪಂಚೆ ಎತ್ತಿ ಕಟ್ಟಿ, ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ನಾನು ಟ್ಯಾಂಕು ಹೊತ್ತು ನಿಂತು ನಿಂತು ಬೆನ್ನು ಬಗ್ಗಿದರೂ ಅವರು ಏಳುತ್ತಿರಲಿಲ್ಲ. "ಮೊದಲು ಯಾರು ಯಾರು ಇದ್ದಾರೆ ಅಂತ ನೋಡಯ್ಯ, ಮನೆಗೆ ಬೆಂಕಿ ಆಮೇಲೆ ಹಾಕೋಣ" ಎನ್ನುತ್ತಿದ್ದರು. ಆಗ ನನಗೆ ಆ ಮಾತಿನ ಬೆಲೆ ತಿಳಿದಿರಲಿಲ್ಲ, ಬೆನ್ನು ನೋವು ಮಾತ್ರ ತಿಳಿದಿತ್ತು.

ನೊಣದ ಪರಿಚಯವಾದದ್ದು ತೀರ್ಥಹಳ್ಳಿಯ ಅರಳಸುರಳಿಯಲ್ಲಿ. ಅಲ್ಲಿ ಮಂಜಪ್ಪಗೌಡರೆಂಬ ಉತ್ಸಾಹದ ಮನುಷ್ಯ. ಆ ಕಾಲದಲ್ಲಿ ಆ ಸೀಮೆಯಲ್ಲಿ ತುಡುವೆ ಜೇನನ್ನು ಪೆಟ್ಟಿಗೆಯಲ್ಲಿ ಸಾಕುವುದು ಒಂದು ಹುಚ್ಚಾಗಿತ್ತು. ಪೆಟ್ಟಿಗೆ ತರುವುದು ಸುಲಭ, ಅದರೊಳಗೆ ಇಡಲು ಕಾಡಿನ ಸಂಸಾರ ಹುಡುಕಬೇಕಲ್ಲ. ಅದಕ್ಕೆ ಅಲ್ಲಿಯವರದು ಒಂದು ಕ್ರಮ. ಹೂವಿನ ಮೇಲೋ ನೀರಿನ ಹತ್ತಿರವೋ ಜೇನು ಕಂಡರೆ, ಅದು ಎದ್ದು ಯಾವ ದಿಕ್ಕಿಗೆ ಹಾರುತ್ತದೆ ಎಂದು ಗುರುತು ಹಿಡಿದು, ಅದರ ಹಿಂದೆಯೇ ಓಡಿ ಗೂಡು ಸೇರಬೇಕು. ಗೌಡರ ಹಿತ್ತಲಲ್ಲಿ ಸಾಸಿವೆ ಹೂ ಬಿಟ್ಟಿತ್ತು. ಅದರ ತುಂಬ ಹಳದಿ ಪಟ್ಟೆ ಪಟ್ಟೆಯ ಹುಳಗಳು. ಗೌಡರು ತಲೆಗೆ ಟವೆಲು ಸುತ್ತಿ ಬೆಳಿಗ್ಗೆಯೇ ಒಂದರ ಹಿಂದೆ ಹೊರಟರು. ಅದು ಬೇಲಿ ದಾಟಿತು, ಇವರೂ ದಾಟಿದರು. ಅದು ಗಾಳಿಯಲ್ಲಿ ನಿಂತಿತು, ಇವರೂ ನಿಂತರು. ಸುತ್ತಿ ಸುತ್ತಿ ಮಧ್ಯಾಹ್ನದ ಹೊತ್ತಿಗೆ ಅದು ಅವರನ್ನು ತಂದು ಬಿಟ್ಟದ್ದು ಅವರದೇ ಕೊಟ್ಟಿಗೆಯ ಹಿಂದಿನ ಗಂಜಲದ ಗುಂಡಿಗೆ. ಹತ್ತಿರ ಒಂದು ಪೊಳ್ಳು ಮರವಿತ್ತು. ಗೂಡು ಅದರಲ್ಲೇ ಎಂದು ಮರ ಸೀಳಿಸಿದರು. ಏನೂ ಇಲ್ಲ. ಗುಂಡಿಯೊಳಗೆ ನೋಡಿದರೆ ಬಾಲವಿದ್ದ ಹುಳಗಳು ಗಿಜಿಗುಡುತ್ತಿವೆ. ಜೇನಿಗೆ ಏನೋ ರೋಗ ಬಂದು ಮರಿಗಳೆಲ್ಲ ಗಂಜಲಕ್ಕೆ ಬಿದ್ದಿವೆ, ಕೂಡಲೇ ಬರಬೇಕು ಎಂದು ಕಚೇರಿಗೆ ಹೇಳಿ ಕಳಿಸಿದರು.

ನಂಜುಂಡಯ್ಯ ಸಾಹೇಬರು ನನ್ನನ್ನೂ ಕರೆದುಕೊಂಡು ಹೋದರು. ಸಾಸಿವೆ ಹೂವಿನಿಂದ ಒಂದನ್ನು ಟವೆಲಿನಲ್ಲಿ ಹಿಡಿದು, ಬರಿಗೈಯಲ್ಲಿ ಎತ್ತಿ ಗೌಡರ ಅಂಗೈಗೆ ಇಟ್ಟರು. ಗೌಡರು ಕೊಂಡಿ ಚುಚ್ಚುತ್ತದೆಂದು ಕೈ ಎಳೆದುಕೊಂಡರು. ಚುಚ್ಚಲಿಲ್ಲ.

"ರೆಕ್ಕೆ ಎಣಿಸಿ ಗೌಡ್ರೆ. ಜೇನಿಗೆ ನಾಲ್ಕು, ಇದಕ್ಕೆ ಎರಡೇ. ಇದು ಜೇನಿನ ಅಂಗಿ ಹಾಕ್ಕೊಂಡು ತಿರುಗೋ ನೊಣ. ಕೊಂಡಿ ಇಲ್ಲ, ಅಂಗಿ ಒಂದೇ."

ಗೌಡರು ಅದನ್ನು ಹೊರಳಿಸಿ ಹೊರಳಿಸಿ ನೋಡಿದರು. "ಹಂಗಾರೆ ನಾನು ಬೆಳಗ್ಗಿಂದ ಒಂದು ನೊಣದ ಹಿಂದೆ ಓಡಿದ್ದಾ ಮಾರಾಯ್ರೆ?"

ಒಳಗಿಂದ ಅವರ ಹೆಂಡತಿ ನಕ್ಕದ್ದು ಜಗುಲಿಗೆ ಕೇಳಿಸಿತು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎನ್ನುತ್ತಾರಲ್ಲ, ಪಟ್ಟೆ ಇದ್ದದ್ದೆಲ್ಲ ಜೇನೂ ಅಲ್ಲ. ಗುಂಡಿಯ ಬಾಲದ ಹುಳಗಳು ಈ ನೊಣದ ಬಳಗದವೇ ಎಂದು ಸಾಹೇಬರು ಹೇಳಿದರು. ಬಳಗ ಒಂದೇ ಆದರೂ ಒಬ್ಬೊಬ್ಬರ ಊಟ ಒಂದೊಂದು. ಕೆಲವು ಕೊಳಕು ನೀರಿನಲ್ಲಿ ಬೆಳೆಯುತ್ತವೆ, ಕೆಲವು ಗಿಡದ ಹೇನು ತಿಂದು ಬೆಳೆಯುತ್ತವೆ. ದೊಡ್ಡವಾದ ಮೇಲೆ ಎಲ್ಲವೂ ಹೂವಿಗೆ ಬಂದು ಮಕರಂದ ಕುಡಿಯುತ್ತವೆ, ಹೋಗುವಾಗ ಮೈಗೆ ಅಂಟಿದ ಪರಾಗವನ್ನು ಇನ್ನೊಂದು ಹೂವಿಗೆ ಮುಟ್ಟಿಸುತ್ತವೆ. ಇಂಗ್ಲಿಷಿನವರು ಇದಕ್ಕೆ ಹೋವರ್‌ಫ್ಲೈ ಎನ್ನುತ್ತಾರೆ. ರೆಕ್ಕೆ ಬಡಿಯುತ್ತಲೇ ನಿಂತಲ್ಲೇ ನಿಲ್ಲುತ್ತದೆ, ಅದಕ್ಕೆ. ನಾನು ಹೂನೊಣ ಎಂದು ಕರೆದುಕೊಂಡೆ, ಈಗಲೂ ಹಾಗೆಯೇ ಕರೆಯುತ್ತೇನೆ. ಗೌಡರು ಸುಮ್ಮನೆ ಕೂರುವ ಕುಳವಲ್ಲ, ಮುಂದಿನ ವರ್ಷ ನಿಜವಾದ ತುಡುವೆ ಹಿಡಿದು, ಮೊದಲ ಜೇನುತುಪ್ಪವನ್ನು ಕಚೇರಿಗೆ ಕಳಿಸಿದರು.

ಹೇನು ತಿಂದು ಬೆಳೆಯುತ್ತದೆ ಎಂಬ ಮಾತನ್ನು ನಾನು ನಂಬಿರಲಿಲ್ಲ. ಸಾಹೇಬರಿಗೆ ಅದು ತಿಳಿದಿತ್ತು. ಸಾಗರಕ್ಕೆ ಬಂದ ಮೇಲೆ ಒಂದು ಅಲಸಂದೆ ಕುಡಿಯನ್ನು ಕಿತ್ತು ತಂದು ನನ್ನ ಮೇಜಿನ ಮೇಲೆ ಗಾಜಿನ ಬಾಟಲಿಯಲ್ಲಿ ಇಟ್ಟರು. ಕುಡಿಯ ತುಂಬ ಕರಿಹೇನು, ಮಧ್ಯೆ ಒಂದು ಕಾಲಿಲ್ಲದ, ತಿಳಿಹಸಿರಿನ, ಒಂದು ತುದಿ ಚೂಪಾದ ಹುಳ. ನೋಡಲು ಸಿಂಬಳದ ತುಣುಕು. ಅದು ಕುರುಡರಂತೆ ಅತ್ತಿತ್ತ ತಡಕಿ, ಸಿಕ್ಕಿದ ಹೇನನ್ನು ಮೇಲಕ್ಕೆತ್ತಿ, ನಾವು ಎಳನೀರು ಎತ್ತಿ ಕುಡಿಯುವ ಹಾಗೆ ಹೀರಿ, ಚಿಪ್ಪು ಎಸೆದು, ಮತ್ತೊಂದಕ್ಕೆ ತಡಕಿತು. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕುಡಿಯ ಒಂದು ಬದಿ ಖಾಲಿ. ಕೆಲವು ದಿನದಲ್ಲಿ ಹುಳ ಎಲೆಗೆ ಅಂಟಿಕೊಂಡು ನೀರಹನಿಯ ಆಕಾರದ ಗೂಡಾಯಿತು. ಆಮೇಲೊಂದು ಬೆಳಿಗ್ಗೆ ಬಾಟಲಿಯೊಳಗೆ ಹಳದಿ ಪಟ್ಟೆಯ ಹೂನೊಣ. ಬಿರಡೆ ತೆಗೆದೆ. ಕಿಟಕಿಯ ಬೆಳಕಿನಲ್ಲಿ ಒಂದು ಗಳಿಗೆ ನಿಂತು ಹೋಯಿತು. ಅಷ್ಟು ದಿನ ನಾನು ಹೊಡೆದ ಪುಡಿಯಲ್ಲಿ ಇಂಥವು ಎಷ್ಟು ಹೋದವೋ ಎಂದು ಮನಸ್ಸು ಕಸಿವಿಸಿಯಾಯಿತು. ಆದರೂ ಮಾರನೆಯ ದಿನ ಎದೆಗೆ ಯಂತ್ರ ಕಟ್ಟಿಕೊಂಡು ಹೋದೆ. ಸಂಬಳ ಕೊಡುತ್ತಿದ್ದದ್ದು ಅದಕ್ಕೆ.

ಇನ್ನು ಬಂಗಾರಮ್ಮನ ವಿಷಯ. ಅದನ್ನು ಹೇಳುವುದಕ್ಕೇ ಇಷ್ಟು ಬರೆದದ್ದು.

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಂತ ಮೇಲೆ ಹೊಳೆಯ ದಂಡೆಯ ಎಷ್ಟೋ ಊರುಗಳವರು ಗಂಟು ಕಟ್ಟಿದರು. ಕೆಲವರಿಗೆ ಹೊಸನಗರದ ಆಚೆ ಕಾಡು ಕಡಿದ ಜಾಗದಲ್ಲಿ ಭೂಮಿ ಸಿಕ್ಕಿತ್ತು. ನಾನು ಒಂದು ಬೇಸಗೆಯಲ್ಲಿ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಟ್ಯಾಂಕು ಇಳಿಸಿಕೊಂಡು ಕೂತಿದ್ದಾಗ ನಡುವಯಸ್ಸಿನ ಒಬ್ಬ ಹೆಂಗಸು ಎದುರು ಬಂದು ನಿಂತರು. ಅವರೇ ಬಂಗಾರಮ್ಮ.

"ಪುಡಿ ಸ್ವಾಮಿ ಅಂದ್ರೆ ನೀವೇಯಾ? ನಮ್ಮ ಬೀಜದ ಬಳ್ಳಿಗೆ ಹೇನು ಬಿದ್ದೈತೆ. ಬಿಡಾರದವರೆಗೆ ಬರ್ಬೇಕು."

ನಡೆಯುವ ದಾರಿ. ದಾರಿಯಲ್ಲಿ ತಾವಾಗಿಯೇ ಕಥೆ ಹೇಳಿದರು. ಆ ಕಡೆಯ ಮನೆಗಳಲ್ಲಿ ಸೌತೆ ಬೀಜ ಇಡುವ ಕ್ರಮವೇ ಬೇರೆ. ಹಣ್ಣಾದ ಕಾಯಿಯ ಬೀಜ ತೊಳೆದು, ಬೂದಿ ಸಗಣಿಯಲ್ಲಿ ಕಲಸಿ, ಅಡಿಗೆಮನೆಯ ಗೋಡೆಗೆ ಒಲೆಯ ಹೊಗೆ ತಾಗುವ ಕಡೆ ಅಂಗೈಯಲ್ಲಿ ಮೆತ್ತಿಬಿಡುತ್ತಾರೆ. ಹುಳ ಹಿಡಿಯುವುದಿಲ್ಲ, ಇಲಿ ಮುಟ್ಟುವುದಿಲ್ಲ. ಬಿತ್ತುವ ಕಾಲಕ್ಕೆ ಕೆರೆದು ತೆಗೆದರಾಯಿತು. ಬಂಗಾರಮ್ಮನ ಅತ್ತೆ, ಅವರ ಅತ್ತೆ, ಎಲ್ಲರೂ ಅದೇ ಗೋಡೆಗೆ ಅದೇ ಸೌತೆಯ ಬೀಜ ಮೆತ್ತಿದವರು. ಬೇರೆಲ್ಲೂ ಕಾಣದ, ಉದ್ದನೆಯ, ಮಳೆಗಾಲ ಮುಗಿಯುವವರೆಗೂ ಕೆಡದ ಸೌತೆಯಂತೆ. ಊರು ಬಿಡುವ ದಿನ ಗಂಡಸರು ಹೆಂಚು ಇಳಿಸಿದರು, ಬಾಗಿಲು ಕಿತ್ತರು, ತೊಲೆ ಬಿಚ್ಚಿದರು. ಈಕೆ ಕತ್ತಿ ತಗೊಂಡು, ಬೀಜ ಮೆತ್ತಿದ್ದಷ್ಟು ಗೋಡೆಯನ್ನು ಹಕ್ಕಳೆಯಾಗಿ ಕೆತ್ತಿ, ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ತಂದರು. ಬಂದ ವರ್ಷ ಕಾಡು ಕಡಿಯುವುದರಲ್ಲೇ ಹೋಯಿತು. ಬೀಜ ಹಳೆಯದಾದರೆ ಹುಟ್ಟುವುದಿಲ್ಲವೆಂಬ ಭಯಕ್ಕೆ ಈ ವರ್ಷ ಎಲ್ಲವನ್ನೂ ಹಾಕಿಬಿಟ್ಟರು. ಕೆಲವೇ ಹುಟ್ಟಿದವು. ಊರಿನ ಬೇರೆ ಯಾರೂ ಬೀಜ ತಂದಿರಲಿಲ್ಲ. ಇವು ಹೋದರೆ ಆ ಸೌತೆಯೇ ಇಲ್ಲ.

ಹೋಗಿ ನೋಡಿದೆ. ನೀರು ಹರಿಯುವ ತೋಡಿನ ಪಕ್ಕದ ಅಗಲವಾದ ಪಾತಿಯಲ್ಲಿ ಬಳ್ಳಿ ಹಬ್ಬಿತ್ತು. ಹಳದಿ ಹೂ ಬಿಟ್ಟಿತ್ತು. ಎಲೆಗಳು ಮುರುಟಿದ್ದವು, ಅಡಿಯಲ್ಲಿ ಹೇನು ಹಾಸಿದ ಹಾಗೆ ಕೂತಿತ್ತು. ನಾನು ಟ್ಯಾಂಕಿಗೆ ನೀರು ತುಂಬಲು ಹೇಳಿ ಔಷಧಿಯ ಡಬ್ಬಿ ತೆಗೆದೆ. ಸೌತೆ, ಕುಂಬಳದ ಜಾತಿಗೆ ಬಿ.ಎಚ್.ಸಿ. ಪುಡಿ ಆಗಿಬರುವುದಿಲ್ಲ, ಎಲೆ ಸುಟ್ಟುಹೋಗುತ್ತದೆ. ಅದಕ್ಕೆ ಆಗಷ್ಟೇ ಬಂದಿದ್ದ ಎಣ್ಣೆಯಂಥ ಔಷಧಿಯನ್ನು ನೀರಿಗೆ ಬೆರೆಸಿ ಹೊಡೆಯುವವನಿದ್ದೆ. ಆಗ ಬಂಗಾರಮ್ಮ ಒಂದು ತೆಂಗಿನ ಗೆರಟೆ ತಂದು ತೋರಿಸಿದರು. ಬೂದಿಯಲ್ಲಿ ಹೊರಳಿ ಸತ್ತ ತಿಳಿಹಸಿರು ಹುಳಗಳು.

"ದಿನಾ ಬೆಳಗ್ಗೆ ಆರಿಸ್ತೀನಿ. ಇವೇ ತಾಯಿ, ಆ ಸಣ್ಣವೆಲ್ಲ ಮರಿ. ತಾಯೀನ ಕೊಂದ್ರೂ ಮರಿ ಕಮ್ಮಿ ಆಗ್ತಾ ಇಲ್ಲ."

ಕೋಳಿಯ ಸುತ್ತ ಮರಿ ಇರುವುದನ್ನು ಕಂಡ ಕಣ್ಣಿಗೆ, ನೂರು ಸಣ್ಣ ಹೇನಿನ ಮಧ್ಯೆ ಇರುವ ಒಂದು ದೊಡ್ಡ ಹುಳ ತಾಯಿಯಂತೆ ಕಾಣದೆ ಮತ್ತೇನು? ಕಾವಲಿನವನನ್ನೇ ಕಳ್ಳನೆಂದು ಹಿಡಿದು ಹೊಡೆದ ಹಾಗಾಗಿತ್ತು. ನಾನು ಡಬ್ಬಿ ಕೆಳಗಿಟ್ಟೆ. ಹೂಗಳ ಕಡೆ ನೋಡಿದೆ. ಪ್ರತಿ ಹೂವಿನ ಮುಂದೆಯೂ ಹೂನೊಣ, ಗಾಳಿಯಲ್ಲಿ ನಿಂತು, ಇಳಿದು, ಎದ್ದು, ಮುಂದಿನದಕ್ಕೆ ಹೋಗುತ್ತಿದೆ. ಕಾಡು ಕಡಿದು ಸುಟ್ಟ ಜಾಗ ಅದು, ತುಡುವೆಯ ಸದ್ದೇ ಇಲ್ಲ. ಸೌತೆಯಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ನಡುವೆ ಓಡಾಡುವವರಿಲ್ಲದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ನಾನು ಹೊಡೆದರೆ ಹೇನು ಸಾಯುತ್ತಿತ್ತು. ಹೇನು ತಿನ್ನುವವೂ ಹೂವಿಗೆ ಬರುವವೂ ಸಾಯುತ್ತಿದ್ದವು. ಬಳ್ಳಿ ಉಳಿದು ಬೀಜ ಉಳಿಯದಿದ್ದರೆ ಏನು ಬಂತು? ಹೊಡೆಯದೆ ಬಿಟ್ಟು ಹೇನೇ ಗೆದ್ದರೆ? ಅತ್ತ ದರಿ ಇತ್ತ ಪುಲಿ.

ಹೊಡೆಯುವುದು ಬೇಡ, ಹುಳ ಆರಿಸುವುದನ್ನೂ ನಿಲ್ಲಿಸಿ, ಕಾಯೋಣ ಎಂದೆ. ಕಾರಣ ಹೇಳಿದೆ. ಬಂಗಾರಮ್ಮ ನನ್ನ ಮುಖವನ್ನೇ ನೋಡಿದರು. ಕೂಗಲಿಲ್ಲ, ದನಿ ಎತ್ತಲಿಲ್ಲ.

"ಊರನ್ನೇ ಮುಳುಗಿಸಿದೋರಿಗೆ ಒಂದು ಬಳ್ಳಿ ಎಂತ ಲೆಕ್ಕ ಸ್ವಾಮಿ? ಔಷಧಿ ಇಲ್ಲೆಂದ್ರೆ ಇಲ್ಲ ಅನ್ನಿ. ಹುಳದ ಕಥೆ ಎಂತಕ್ಕೆ?"

ಇಷ್ಟು ವರ್ಷದಲ್ಲಿ ನನ್ನನ್ನು ಬೈದವರು ಬಹಳ. ಈ ಮಾತು ಮಾತ್ರ ಇನ್ನೂ ಹಸಿಯಾಗಿದೆ. ಅವರ ಬಿಡಾರದಲ್ಲಿ ಒಡಕು ಲಾಟೀನಿನ ಗಾಜು ಬಿದ್ದಿತ್ತು. ಅದಕ್ಕೆ ಹೇನು ತುಂಬಿದ ಒಂದು ಎಲೆ, ಎರಡು ಹುಳ ಹಾಕಿ, ಎರಡೂ ಬಾಯಿಗೆ ತೆಳು ಬಟ್ಟೆ ಕಟ್ಟಿ ಅವರ ಕೈಗೆ ಕೊಟ್ಟೆ. "ನನ್ನ ಮಾತು ನಂಬಬೇಡಿ, ಇದನ್ನ ನೋಡ್ತಾ ಇರಿ" ಎಂದೆ. ಅವರ ಗಂಡ ಕೆರಿಯಪ್ಪ ಎಲೆಅಡಿಕೆಯ ಕವಳ ಜಗಿಯುತ್ತ ಮೂಲೆಯಲ್ಲಿ ಕೂತು ಹೆಂಡತಿಯನ್ನೇ ನೋಡುತ್ತಿದ್ದರು. ತುಂಬಿದ ಟ್ಯಾಂಕಿನ ನೀರನ್ನು ಚೆಲ್ಲಿ, ಹೊರಟು ಬಂದೆ. ಯಾರ ಮನೆಯಿಂದಲೂ ಹಾಗೆ ತಲೆ ತಗ್ಗಿಸಿಕೊಂಡು ಬಂದಿರಲಿಲ್ಲ.

ಸಾಗರಕ್ಕೆ ಬಂದು ಸಾಹೇಬರಿಗೆ ಹೇಳಿದೆ. ಬೈಗುಳ ನಿರೀಕ್ಷಿಸಿದ್ದೆ. ಅವರು ಹುಳ ಎಷ್ಟು ದಪ್ಪ ಇತ್ತು, ಮೊಟ್ಟೆ ಕಂಡೆಯಾ, ಇರುವೆ ಇತ್ತಾ ಎಂದು ಕೇಳುತ್ತ ಹೋದರು. ಮೊಟ್ಟೆ ನೋಡಿರಲಿಲ್ಲ. ಆಗ ಬೈದರು. ಆಮೇಲೆ, ನಾನೂ ಬರುತ್ತೇನೆ ಎಂದರು. ಕಚೇರಿಯ ಕೆಲಸ ಅಡ್ಡ ಬಂದು ನಾವು ಹೋಗುವಷ್ಟರಲ್ಲಿ ಸುಮಾರು ಒಂದು ವಾರವೇ ಕಳೆಯಿತು.

ಹೋಗಿ ನೋಡಿದರೆ ಅರ್ಧ ಬಳ್ಳಿ ಸುಟ್ಟುಹೋಗಿದೆ. ಎಲೆಗಳು ಅಂಚಿನಿಂದ ಕಂದಿ, ಹಪ್ಪಳದಂತೆ ಗರಿಗರಿ. ಆ ಬದಿಯಲ್ಲಿ ಹೇನೂ ಇಲ್ಲ, ಹೂವೂ ಇಲ್ಲ, ನೊಣವೂ ಇಲ್ಲ. ಕೆರಿಯಪ್ಪ ನೆಂಟರ ಮನೆಯಲ್ಲಿ ತಿಗಣೆಗೆಂದು ಇಟ್ಟಿದ್ದ ಪುಡಿಯನ್ನು ಬೇಡಿ ತಂದು, ಹೆಂಡತಿ ಸೌದೆಗೆ ಹೋಗಿದ್ದಾಗ ಬಟ್ಟೆಯಲ್ಲಿ ಕಟ್ಟಿ ಒದರುತ್ತ ಬಂದಿದ್ದರು. ಅರ್ಧ ಆಗುವಷ್ಟರಲ್ಲಿ ಬಂಗಾರಮ್ಮ ಬಂದು ಕೈ ಹಿಡಿದಿದ್ದರು. ಆಗಲೇ ಅವರು ಲಾಟೀನಿನ ಗಾಜು ನೋಡಿ ಆಗಿತ್ತು.

ಕೆರಿಯಪ್ಪ ನಮ್ಮ ಎದುರು ಬಂದು ನಿಂತು, "ಇವ್ಳು ಅನ್ನ ಬಿಟ್ಟು ಬಳ್ಳಿ ಹತ್ರ ಕೂರೂದ ನೋಡೂಕೆ ಆಗ್ಲಿಲ್ಲ ಸ್ವಾಮಿ" ಎಂದರು. ಅಷ್ಟೇ. ಮುಂಗೋಪಿ ಸಾಹೇಬರೂ ಆ ಮನುಷ್ಯನನ್ನು ಬೈಯಲಿಲ್ಲ.

ಬಂಗಾರಮ್ಮ ಗಾಜನ್ನು ತಂದು ತೋರಿಸಿದರು. ಎಲೆ ಒಣಗಿತ್ತು, ಹೇನಿನ ಚಿಪ್ಪುಗಳು ಮಾತ್ರ ಉಳಿದಿದ್ದವು. "ನೋಡಿದೆ. ತಿಂದ್ವು. ಇಷ್ಟು ದಿನ ನಾನೇ ಅವನ್ನ ಕೊಂದೆ" ಎಂದು, ಗೆರಟೆಯನ್ನು ತೋಡಿನ ಕಡೆ ಎಸೆದರು. ಆಗ ಅವರ ಕಣ್ಣು ತುಂಬಿತು. ನನ್ನದೂ.

ಉಳಿದ ಅರ್ಧಕ್ಕೆ ಹೇನು ಇನ್ನೂ ಇತ್ತು. ಈಗ ಏನು ಮಾಡುವುದು ಎಂಬ ಪ್ರಶ್ನೆ ಮೊದಲಿಗಿಂತ ಗಟ್ಟಿಯಾಗಿತ್ತು, ಏಕೆಂದರೆ ಮಿಕ್ಕಿದ್ದು ಅಷ್ಟೇ. ಸಾಹೇಬರು ಪಂಚೆ ಕಟ್ಟಿ ಕುಕ್ಕರಗಾಲಲ್ಲಿ ಕೂತರು. ಒಂದೊಂದು ಎಲೆಯನ್ನೂ ಮಗುವಿನ ಕಿವಿ ನೋಡುವ ಹಾಗೆ ಮಗುಚಿ ನೋಡಿದರು. ಹೇನಿನ ನಡುವೆ ಅಲ್ಲೊಂದು ಇಲ್ಲೊಂದು ನುಚ್ಚಿನ ಕಾಳಿನಂಥ ಬಿಳಿಯ ಮೊಟ್ಟೆ. ನನ್ನನ್ನೂ ಕೂರಿಸಿ ತೋರಿಸಿದರು. ತೀರ ಮುರುಟಿದ ಕೆಲವು ಎಲೆಗಳನ್ನು, ಹುಳವಿಲ್ಲವೆಂದು ನೋಡಿಕೊಂಡು, ಕಿತ್ತು ಸುಡಿಸಿದರು. ಹೂವಿನ ಮೇಲೆ ಬೂದಿ ಹಾಕಬೇಡಿ ಎಂದರು. ಬಳ್ಳಿಗೆ ಇರುವೆ ಹತ್ತುವ ಕಡೆ ಪಾತಿಯ ಅಂಚಿಗೆ ನೀರು ನಿಲ್ಲಿಸಿ, ಇರುವೆಗಳು ಹೇನನ್ನು ದನದ ಹಾಗೆ ಕಾಯುತ್ತವೆ, ಹುಳವನ್ನು ಓಡಿಸುತ್ತವೆ ಎಂದರು. ಆಮೇಲೆ ಎದ್ದು, ಮಂಡಿ ಉಜ್ಜಿಕೊಂಡು, ಬಂಗಾರಮ್ಮನಿಗೆ ಹೇಳಿದರು:

"ಕಾಯೋಣಮ್ಮ. ಬಳ್ಳಿ ಹೋದರೆ ಈ ಹುಡುಗನ್ನ ಬೈಯಬೇಡಿ, ಸಾಗರಕ್ಕೆ ಬಂದು ನನ್ನ ಬೈಯಿರಿ."

ಮೇಲಿನವರು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಒಂದು ಮಾತನ್ನು ಹೇಳುತ್ತೇನೆ. ತಪ್ಪು ತನ್ನ ತಲೆಗೆ ಬರಲಿ ಎಂದು ಮುಂದಾಗಿ ತಲೆ ಕೊಟ್ಟವರನ್ನು ಆಮೇಲೆ ಹೆಚ್ಚು ಕಾಣಲಿಲ್ಲ.

ತಾಳಿದವನು ಬಾಳಿಯಾನು ಎನ್ನುವುದು ಸುಲಭ, ತಾಳುವುದು ಕಷ್ಟ. ಹೊಸನಗರದ ಬಸ್ಸು ಸಿಕ್ಕಾಗಲೆಲ್ಲ ನಾನು ಆ ದಾರಿ ಹಿಡಿಯುತ್ತಿದ್ದೆ. ಮೊದಲ ಸಲ ಹೋದಾಗ ಏನೂ ಬದಲಾಗಿರಲಿಲ್ಲ. ಎರಡನೆಯ ಸಲ ಹೋದಾಗ ಬಂಗಾರಮ್ಮ ದೂರದಿಂದಲೇ ಕೈ ಅಡ್ಡ ಹಿಡಿದು, ಪಾತಿಗೆ ಕಾಲಿಡಬೇಡಿ, ಹುಳ ಮೆಟ್ಟೀರಿ ಎಂದರು. ಎಲೆಯ ಅಡಿಯಲ್ಲಿ ಹುಳಗಳು ದಪ್ಪವಾಗಿದ್ದವು, ಹೇನು ಅಲ್ಲಲ್ಲಿ ತೇಪೆಯಾಗಿ ಉಳಿದಿತ್ತು. ಆಮೇಲೆ ಹೊಸ ಎಲೆಗಳು ಮುರುಟದೆ ಅಗಲವಾಗಿ ಬಂದವು. ನೀರಹನಿಯ ಗೂಡುಗಳು ಎಲ್ಲ ಕಡೆ. ಹೆಣ್ಣುಹೂವಿನ ಕೆಳಗಿನ ಹೀಚು ಉದುರದೆ ನಿಂತಿತು. ಒಂದು ಬೆಳಿಗ್ಗೆ ಬಂಗಾರಮ್ಮ, ಕೆರಿಯಪ್ಪ, ನಾನು, ಮೂವರೂ ತೋಡಿನ ದಂಡೆಯಲ್ಲಿ ಕೂತು ನೊಣಗಳನ್ನು ನೋಡಿದೆವು. ಬಿಸಿಲು ಬೀಳುತ್ತಲೇ ಬಂದವು, ಒಂದೊಂದೂ ಒಂದೊಂದು ಹೂವಿನ ಮುಂದೆ ನಿಂತಿತು. ಇವು ನಮ್ಮ ಹಳೆ ಊರಲ್ಲೂ ಇದ್ವು, ನೊಣ ಅಂತ ಓಡಿಸ್ತಿದ್ವಿ ಎಂದು ಕೆರಿಯಪ್ಪ ಹೇಳಿದರು. ಮೊದಲ ಸಲ ಅವರು ನಗುವುದನ್ನು ಕಂಡೆ.

ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು. ಹೊಸಬರು ಬಂದರು, ವರ್ಷಗಳು ಕಳೆದಂತೆ ಹೊಸ ಔಷಧಿಗಳು ಬಂದವು. ಪುಡಿ ಹೋಗಿ ಎಣ್ಣೆ ಬಂತು, ಕೈಯಂತ್ರ ಹೋಗಿ ಮೋಟಾರಿನದು ಬಂತು, ತಿಂಗಳಿಗೆ ಇಷ್ಟು ಎಕರೆ ಹೊಡೆಯಲೇಬೇಕು ಎಂಬ ಆಜ್ಞೆ ಬಂತು. ನಾನು ಹೊಡೆದೆ. ಹೊಡೆಯಲಿಲ್ಲ ಎಂದು ದೊಡ್ಡ ಮಾತಾಡುವುದಿಲ್ಲ. ಎಷ್ಟೋ ಕಡೆ ಹೊಡೆಯದೆ ವಿಧಿಯಿರಲಿಲ್ಲ, ಎಷ್ಟೋ ಕಡೆ ಹೂನೊಣದ ಕೈಲಾಗದ ಹುಳವೂ ಇರುತ್ತದೆ. ಆದರೆ ಆ ವರ್ಷದಿಂದ ಎಲೆ ಮಗುಚಿ ನೋಡದೆ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಮಗಳೇ, ನೀನು ಕೇಳಿದ ಬುದ್ಧಿ ಇದೇ. ಬಿಸಿಲಲ್ಲಿ ಟೋಪಿಯನ್ನೂ ಹಾಕ್ಕೋ.

ಬಳ್ಳಿ ಉಳಿದ ಆ ವರ್ಷವೇ, ಮಳೆ ಹಿಡಿಯುವ ಮುನ್ನ ಬಂಗಾರಮ್ಮ ಹೇಳಿ ಕಳಿಸಿದರು, ಬೀಜ ತೆಗೆಯುತ್ತೇವೆ, ಬರಬೇಕು ಎಂದು. ಹೋದೆ. ಜಗುಲಿಯಲ್ಲಿ ಉದ್ದುದ್ದ ಸೌತೆಗಳು ಬೂದುಹಳದಿಗೆ ತಿರುಗಿ ಮಲಗಿದ್ದವು. ಹೆಚ್ಚೇನಿರಲಿಲ್ಲ, ಸುಟ್ಟ ಅರ್ಧ ಬಳ್ಳಿಯ ನಷ್ಟ ಎದ್ದು ಕಾಣುತ್ತಿತ್ತು. ಆದರೆ ಒಂದೊಂದು ಕಾಯಿಯ ಹೊಟ್ಟೆಯಲ್ಲೂ ಒಂದು ಊರಿಗೆ ಆಗುವಷ್ಟು ಬೀಜ. ಒಳಗಿನಿಂದ ಹುಳಿಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಬೀಜ ತೆಗೆದ ಹೋಳನ್ನು ಬಿಸಾಡುವ ಕ್ರಮ ಅವರಲ್ಲಿಲ್ಲ.

ಗೋಡೆ ಹೊಸದಾಗಿತ್ತು. ಹಿಂದೆ ಬಂದಾಗೆಲ್ಲ ಬಿದಿರ ತಟ್ಟಿಯಿದ್ದ ಜಾಗದಲ್ಲಿ ಮಣ್ಣಿನ ಗೋಡೆ ಎದ್ದಿತ್ತು, ಸಾರಣೆ ಇನ್ನೂ ಹಸಿ. ಬುಟ್ಟಿಯಲ್ಲಿ ಹೊತ್ತು ತಂದಿದ್ದ ಹಳೆಯ ಗೋಡೆಯ ಹಕ್ಕಳೆ ಎಲ್ಲಿ ಎಂದು ಕೇಳಿದೆ. ಅದನ್ನು ನೆನೆಸಿ, ಕುಟ್ಟಿ, ಹೊಸ ಗೋಡೆಯ ಮಣ್ಣಿಗೆ ಕಲಸಿದೆವು ಎಂದರು ಕೆರಿಯಪ್ಪ.

ನನ್ನ ಬಟ್ಟೆಯಲ್ಲಿ ಪುಡಿಯ ವಾಸನೆ. ಅಭ್ಯಾಸದಂತೆ ಅಂಗಳದಲ್ಲೇ ನಿಂತಿದ್ದೆ. ಬಂಗಾರಮ್ಮ ಬೂದಿ ಕಲಸಿದ ಬೀಜದ ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ಅಷ್ಟು ದಿನ ಅವರ ಬಾಯಲ್ಲಿ ಅದು ಬಿಡಾರವೇ ಆಗಿತ್ತು.

"ಮನೆಗೆ ಬಂದು ಹೊರಗೇ ನಿಂತ್ರೆ ಹೆಂಗೆ ಸ್ವಾಮಿ? ಬನ್ನಿ. ನೀವೂ ಒಂದು ಹಿಡಿ ಮೆತ್ತಿ."

ಒಲೆಯ ಪಕ್ಕದ ಗೋಡೆಗೆ ಅವರು ಮೊದಲು ಮೆತ್ತಿದರು, ಆಮೇಲೆ ಕೆರಿಯಪ್ಪ. ವಿಷ ಮುಟ್ಟಿದ ಕೈ ಎಂದು ನಾನು ತೋಡಿಗೆ ಹೋಗಿ ಉಜ್ಜಿ ಉಜ್ಜಿ ತೊಳೆದುಕೊಂಡು ಬಂದೆ. ಬೀಜ ಅಂಗೈಯಲ್ಲಿ ತಣ್ಣಗಿತ್ತು. ಹಸಿ ಗೋಡೆಗೆ ಒತ್ತಿ ಹಿಡಿದೆ. ಅದು ಅಂಟಿಕೊಂಡಿತು ಎಂದು ಅವರು ಹೇಳುವವರೆಗೂ ಕೈ ತೆಗೆಯಲಿಲ್ಲ.